ಮುದ್ದೆ ಸೀಮೆಯಿಂದ ಹೊರದೇಶಕ್ಕೆ: ಜಪಾನ್, ಕೀನ್ಯಾ, ಇಥಿಯೋಪಿಯಾದಲ್ಲಿ ಅಲ್ಲಿಯ ಊಟ ಹೇಗೆ ಹಿಡಿಸಿಕೊಳ್ಳೋದು?

ಮಾಲೂರು ಹೆಂಚು
ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಿಂದ, ಆ ಕಡೆ ತುಮಕೂರಿನ ವಸಂತನರಸಾಪುರದಿಂದ ಮೂರು ತಿಂಗಳು, ಆರು ತಿಂಗಳು ಅಂತ ತರಬೇತಿಗೆ ಜಪಾನಿಗೆ ಹೋಗೋ ಮಕ್ಕಳಿದ್ದಾರೆ. ನೈರೋಬಿ, ಅಡಿಸ್ ಅಬಾಬಾಗೆ ಕೆಲಸಕ್ಕೆ ಹೋಗೋರೂ ಇದ್ದಾರೆ. ಪೆಟ್ಟಿಗೆ ತುಂಬ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತುಂಬಿಕೊಂಡು ಹೋಗಿ, ಅದು ಮುಗಿಯೋವರೆಗೆ ಅದನ್ನೇ ತಿಂದು, ಆಮೇಲೆ ಬ್ರೆಡ್ಡು ಬಾಳೆಹಣ್ಣಲ್ಲಿ ದಿನ ದೂಡೋದು ಬೇಡ. ಅಲ್ಲಿಯ ಊಟದಲ್ಲಿ ನಮ್ಮ ನಾಲಿಗೆಗೆ, ನಮ್ಮ ಆಚಾರಕ್ಕೆ ಹೊಂದೋದು ಯಾವುದು, ಎಲ್ಲಿ ಎಡವಟ್ಟಾಗುತ್ತೆ, ಯಾಕೆ ಆಗುತ್ತೆ, ಗೊತ್ತಿರೋರು ಬರೀರಿ. ಸ್ವಂತ ಪ್ರವಾಸದ ಕಥೆ ಬೇಡ. ಹೆಸರು, ಅಳತೆ, ಕಾರಣ ಇರಲಿ. ಮಾಂಸ ಮೀನು ತಿನ್ನದವರು, ತಿನ್ನೋರು ಇಬ್ಬರಿಗೂ ಉಪಯೋಗ ಆಗಬೇಕು.

ಚಿಂತಾಮಣಿ ಕಡ್ಲೆಕಾಯಿ
ಜಪಾನಿಂದ ಶುರು ಮಾಡ್ತೀನಿ. ಅಲ್ಲಿ ಮೊದಲು ತಿಳಿಯಬೇಕಾದ ಪದ ದಾಶಿ. ಬಸ್ಸಾರು ಮಾಡೋರಿಗೆ ಇದು ಬೇಗ ಅರ್ಥ ಆಗುತ್ತೆ. ನಾವು ಕಾಳು ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಳ್ತೀವಿ, ಸಾರಿನ ರುಚಿಯೆಲ್ಲ ಆ ಕಟ್ಟಿನಲ್ಲೇ. ಅವರ ಕಟ್ಟು ದಾಶಿ. ಆದರೆ ಹೆಚ್ಚಿನ ಕಡೆ ಅದನ್ನು ಬಸಿಯೋದು ಕತ್ಸುಒ ಅನ್ನೋ ಮೀನನ್ನು ಹೊಗೆಯಲ್ಲಿ ಒಣಗಿಸಿ ಹೆರೆದ ಚಕ್ಕೆಯಿಂದ, ಇಲ್ಲವೇ ನಿಬೋಶಿ ಅನ್ನೋ ಸಣ್ಣ ಒಣಮೀನಿಂದ. ಮಿಸೊ (ಹುದುಗಿಸಿದ ಸೋಯಾ ಕಾಳಿನ ಪೇಸ್ಟು) ಸಾರು, ಉದೊನ್ ನೂಡಲ್ಸಿನ ಸಾರು, ತೆಂಪುರಾ (ಬಜ್ಜಿ ಥರದ್ದು) ಅದ್ದೋ ರಸ, ತೋಫು (ಸೋಯಾ ಪನೀರು) ಮೇಲೆ ಸುರಿಯೋ ರಸ, ಸುರುಳಿ ಆಮ್ಲೆಟ್ಟು, ಎಷ್ಟೋ ಸಲ ಸೊಪ್ಪಿನ ಪಲ್ಯದಲ್ಲೂ ಇದು ಇರುತ್ತೆ. ಕಣ್ಣಿಗೆ ಒಂದು ಚೂರು ಮೀನೂ ಕಾಣಲ್ಲ.

ಅದಕ್ಕೇ "ನಾನು ವೆಜಿಟೇರಿಯನ್" ಅಂದರೆ ಅಲ್ಲಿ ಕೆಲಸ ಆಗಲ್ಲ. ಮೇಲಿರೋ ಮಾಂಸದ ತುಂಡು ತೆಗೆದು ಕೊಟ್ಟರೆ ಆಯ್ತು ಅಂತ ತಿಳ್ಕೊಳ್ತಾರೆ. ಹೀಗೆ ಹೇಳಿ: "ನಿಕು ಮೊ ಸಕಾನಾ ಮೊ ತಾಬೆಮಸೆನ್. ಕತ್ಸುಒ ದಾಶಿ ಮೊ ದಮೆ ದೆಸು." ಮಾಂಸವೂ ಮೀನೂ ತಿನ್ನಲ್ಲ, ಕತ್ಸುಒ ದಾಶಿಯೂ ಆಗಲ್ಲ ಅಂತ ಅರ್ಥ. ಇದನ್ನೇ ಜಪಾನಿ ಲಿಪಿಯಲ್ಲಿ ಬರೆಸಿ ಒಂದು ಚೀಟಿ ಜೇಬಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೇದು.

ಪೊಟ್ಟಣದ ಹಿಂದಿನ ಅಲರ್ಜಿ ಚೌಕ ನೋಡಿ ನಂಬಬೇಡಿ. ಮೊಟ್ಟೆ, ಹಾಲು, ಗೋಧಿ, ಸೊಬಾ (ಬಕ್‌ವೀಟ್ ಧಾನ್ಯ), ಕಡಲೆಕಾಯಿ, ಸೀಗಡಿ, ಏಡಿ ಇಂಥವನ್ನು ಕಡ್ಡಾಯವಾಗಿ ಹಾಕ್ತಾರೆ, ಕತ್ಸುಒ ಆ ಪಟ್ಟಿಯಲ್ಲಿ ಇಲ್ಲ. ಪದಾರ್ಥಗಳ ಪೂರ್ತಿ ಪಟ್ಟಿಯನ್ನೇ ಮೊಬೈಲ್ ಕ್ಯಾಮೆರಾ ಅನುವಾದದಲ್ಲಿ ಓದಬೇಕು.

ತಿಪಟೂರು ಕೊಬ್ಬರಿ
ಮೇಲಿನದಕ್ಕೆ ಸೇರಿಸ್ತೀನಿ. ಮೀನಿಲ್ಲದ ದಾಶಿ ಕೊಠಡಿಯಲ್ಲೇ ಮಾಡ್ಕೋಬಹುದು. ಒಮ್ಮೆ ಕೈ ಕುದುರಿದರೆ ಅರ್ಧ ಜಪಾನಿ ಅಡುಗೆ ನಿಮ್ಮ ಕೈಗೆ ಬಂದಂತೆ.

ಕೊಂಬು ಅಂತ ಒಣಗಿಸಿದ ಕಡಲ ಪಾಚಿಯ ಪಟ್ಟಿ ಸಿಗುತ್ತೆ, ಕಪ್ಪು ಹಸಿರು, ತೊಗಲಿನ ಹಾಗೆ ಗಟ್ಟಿ. 1 ಲೀಟರ್ ನೀರಿಗೆ 10 ಗ್ರಾಂ ಸಾಕು. ಮೇಲೆ ಬಿಳಿ ಪುಡಿ ಕೂತಿರುತ್ತೆ. ಬೂಷ್ಟು ಅಂದುಕೊಂಡು ತೊಳೆದುಬಿಟ್ಟರೆ ರುಚಿಯೂ ನೀರುಪಾಲು. ಒದ್ದೆ ಬಟ್ಟೆಯಲ್ಲಿ ಸುಮ್ಮನೆ ಒರೆಸಿ. ತಣ್ಣೀರಲ್ಲಿ ಕಮ್ಮಿ ಅಂದರೆ ಅರ್ಧ ಗಂಟೆ ನೆನೆಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿದರೆ ಇನ್ನೂ ಚೆನ್ನ. ಪಟ್ಟಿ ಹಿಗ್ಗಿ ಎರಡರಷ್ಟು ಅಗಲ ಆಗುತ್ತೆ, ನೀರು ತಿಳಿ ಹಸಿರು ಹಳದಿಗೆ ತಿರುಗುತ್ತೆ. ಆಮೇಲೆ ಸಣ್ಣ ಉರಿ. ಪಾತ್ರೆಯ ತಳದಲ್ಲಿ ಸಾಸಿವೆ ಗಾತ್ರದ ಗುಳ್ಳೆ ಕಾಣಿಸಿಕೊಳ್ತಿದ್ದ ಹಾಗೆ, ಅಂದರೆ ಸುಮಾರು 60 ಡಿಗ್ರಿಯಿಂದ ಆಚೆ, ಪಟ್ಟಿ ತೆಗೆದುಬಿಡಿ. ಕುದಿಯಲು ಬಿಟ್ಟರೆ ಬೆಂಡೆಕಾಯಿ ಹಾಗೆ ಲೋಳೆ ಬಿಟ್ಟುಕೊಂಡು, ಕಹಿಯೂ ಸೇರುತ್ತೆ. ಹೊಸಬರು ಕೆಡಿಸೋದು ಇಲ್ಲೇ, ಕುದ್ದಷ್ಟೂ ಸಾರಿಗೆ ರುಚಿ ಅನ್ನೋ ನಮ್ಮ ಲೆಕ್ಕ ಇಲ್ಲಿ ಉಲ್ಟಾ. ಇನ್ನೂ ಗಟ್ಟಿ ರುಚಿ ಬೇಕಾದರೆ ಒಣ ಶೀತಾಕೆ ಅಣಬೆ ಮೂರು ನಾಲ್ಕು ಬೇರೆಯಾಗಿ ತಣ್ಣೀರಲ್ಲಿ ರಾತ್ರಿ ನೆನೆಸಿ ಆ ನೀರನ್ನೂ ಸೇರಿಸಿ.

ಕೊಂಬು ನೀರಿಗೆ ಈ ರುಚಿ ಎಲ್ಲಿಂದ ಬರುತ್ತೆ ಅಂತ ಕಂಡುಹಿಡಿದವರು ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಎ ಇಕೆದ, 1908ರಲ್ಲಿ. ಅದು ಗ್ಲುಟಮೇಟ್. ಅದಕ್ಕೆ ಉಮಾಮಿ ಅಂತ ಹೆಸರಿಟ್ಟವರೂ ಅವರೇ. ನಮ್ಮ ಹಣ್ಣಾದ ಟೊಮೆಟೊದಲ್ಲೂ ಇರೋದು ಅದೇ.

ಮಿಸೊ ಸಾರಿಗೆ: ಒಂದು ಬಟ್ಟಲು, 200 ಮಿಲಿ ದಾಶಿಗೆ, ಒಂದು ದೊಡ್ಡ ಚಮಚ ಮಿಸೊ. ತೋಫು, ಸೊಪ್ಪು ಬೆಂದಮೇಲೆ ಒಲೆ ಆರಿಸಿ, ಸೌಟಿನಲ್ಲಿ ಮಿಸೊ ಕದಡಿ ಬಿಡಿ. ಮಿಸೊ ಹಾಕಿದ ಮೇಲೆ ಕುದಿಸಿದರೆ ಘಮ ಹೋಗುತ್ತೆ. ಕೊಳ್ಳುವಾಗ ಡಬ್ಬಿ ಮೇಲೆ "ದಾಶಿ ಇರಿ" ಅಂತ ಇದ್ದರೆ ಬಿಡಿ, ಸಾಮಾನ್ಯವಾಗಿ ಅದರಲ್ಲಿ ಮೀನಿನ ದಾಶಿ ಬೆರೆಸಿರುತ್ತಾರೆ.

ಮಾಲೂರು ಹೆಂಚು
ಕಟ್ಟಿನ ಹೋಲಿಕೆ ಮನಸ್ಸಿಗೆ ಕೂತ್ಕೊಳ್ತು. ಅಡುಗೆ ಮಾಡೋಕೆ ಪುರುಸೊತ್ತಿಲ್ಲದ ದಿನ? ಪಾಳಿ ಕೆಲಸ ಇದ್ದೋರು ಅಂಗಡಿಯಲ್ಲೇ ತಗೊಳ್ಳೋದಲ್ವಾ?

ಚಿಂತಾಮಣಿ ಕಡ್ಲೆಕಾಯಿ
ಮೂಲೆ ಮೂಲೆಯ ಅಂಗಡಿಯಲ್ಲಿ ಒನಿಗಿರಿ ಅಂತ ಅನ್ನದ ಉಂಡೆ ಸಿಗುತ್ತೆ. ಶಿಒ ಅಂದರೆ ಬರೀ ಉಪ್ಪು, ಉಮೆ ಅಂದರೆ ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು. ನಮ್ಮ ನೆಲ್ಲಿಕಾಯಿ, ನಿಂಬೆಕಾಯಿ ಉಪ್ಪಿನಕಾಯಿ ಇಷ್ಟಪಡೋರಿಗೆ ಉಮೆ ಬೇಗ ಹಿಡಿಸುತ್ತೆ. ಆದರೆ ಕತ್ಸುಒ ಉಮೆ ಅಂತ ಇನ್ನೊಂದಿದೆ, ಅದರಲ್ಲಿ ಮೀನು ಸೇರಿರುತ್ತೆ. ಶಾಕೆ, ತ್ಸುನಾ, ಮೆಂತೈಕೊ ಮೂರೂ ಮೀನಿನವೇ, ಕೊನೆಯದು ಮೀನಿನ ಮೊಟ್ಟೆ.

ನಟ್ಟೊ ಬಗ್ಗೆ ಒಂದು ಮಾತು. ಸೋಯಾ ಕಾಳನ್ನು ಬೇಯಿಸಿ ಹುದುಗಿಸಿದ್ದು, ಎಳೆ ಎಳೆಯಾಗಿ ಅಂಟುತ್ತೆ, ವಾಸನೆ ಜೋರು. ಬಿಸಿ ಅನ್ನದ ಮೇಲೆ ಬೆಳಗ್ಗೆ ತಿಂತಾರೆ. ಕಾಳು ಶುದ್ಧ ಸಸ್ಯವೇ, ಜೊತೆಗೆ ಬರೋ ಪುಟ್ಟ ಪೊಟ್ಟಣದ ರಸದಲ್ಲಿ ಮಾತ್ರ ಸಾಮಾನ್ಯವಾಗಿ ಕತ್ಸುಒ ಇರುತ್ತೆ. ಅದನ್ನು ಪಕ್ಕಕ್ಕಿಟ್ಟು ಸೋಯಾ ಸಾಸ್, ಸಾಸಿವೆ ಹಾಕಿ ಚೆನ್ನಾಗಿ ತಿರುವಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ಮಾತ್ರೆ ತಗೊಳ್ಳೋರು ನಟ್ಟೊ ಮುಟ್ಟಲೇಬಾರದು. ಅದರ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನೇ ಕೆಡಿಸುತ್ತೆ.

ಇನ್ನು "ಕರೀ" ಅಂತ ಬೋರ್ಡ್ ನೋಡಿ ಖುಷಿಯಾಗಿ ನುಗ್ಗಬೇಡಿ. ಜಪಾನಿ ಕರೀಯ ಮಸಾಲೆ ಬಿಲ್ಲೆಯಲ್ಲಿ ದನದ ಕೊಬ್ಬು, ಹಂದಿ ಕೊಬ್ಬು ಇರೋದು ಸಾಮಾನ್ಯ. ತರಕಾರಿ ಕರೀ ಅಂದರೂ ಗೊಜ್ಜು ಅದೇ.

ಕೋಲಾರ ಕ್ಲಾಕ್‌ಟವರ್
ಹಲಾಲ್ ನೋಡೋರಿಗೂ ಆ ಬಿಲ್ಲೆಯದೇ ತೊಂದರೆ ಭಾಯ್. ಜೊತೆಗೆ ಮಿರಿನ್ ಮತ್ತು ಅಡುಗೆ ಸಾಕೆ, ಎರಡೂ ಮದ್ಯ, ಎಷ್ಟೋ ರಸಗಳಿಗೆ ಬೀಳುತ್ತವೆ. "ಹಂದಿ ಇಲ್ಲ" ಅಂತ ಬರೆದಿದ್ದರೆ ಅಷ್ಟಕ್ಕೇ ಹಲಾಲ್ ಆಗಲ್ಲ. ಟೋಕಿಯೊದ ಶಿನ್ ಒಕುಬೊದಲ್ಲಿ ಹಲಾಲ್ ಅಂಗಡಿಗಳ ಸಾಲೇ ಇದೆ, ಮಾಂಸ, ಮಸಾಲೆ, ಬೇಳೆ ಎಲ್ಲ ಸಿಗುತ್ತೆ.

ಮಾಂಸದ ಹೆಸರು: ಗ್ಯೂ ಅಂದರೆ ದನ, ಬುತಾ ಹಂದಿ, ತೊರಿ ಕೋಳಿ. ಹಸಿ ಮೊಟ್ಟೆಯನ್ನು ಬಿಸಿ ಅನ್ನಕ್ಕೆ ಒಡೆದು ತಿನ್ನೋದು ಅಲ್ಲಿ ವಾಡಿಕೆ. ಹಸಿಯಾಗಿ ತಿನ್ನೋಕೆ ಅಂತಲೇ ತೊಳೆದು, ತಪಾಸಣೆ ಮಾಡಿ, ದಿನಾಂಕ ಹಾಕಿರುತ್ತಾರೆ. ಆ ದಿನಾಂಕದೊಳಗೆ ಮಾತ್ರ ತಿನ್ನಿ. ಹಸಿ ಕೋಳಿಮಾಂಸ ಕೊಡೋ ಹೋಟೆಲುಗಳೂ ಇವೆ, ಅದು ಬೇಡ. ಹಸಿ ಕೋಳಿಯಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಇದ್ದರೆ ಒಂದು ವಾರದವರೆಗೂ ಹೊಟ್ಟೆ ಹಿಂಡುತ್ತೆ.

ಶಿಡ್ಲಘಟ್ಟ ಗೂಡು
ಯಾರೂ ಹೇಳದ ಒಂದು ಅಪಾಯ ಹೇಳ್ತೀನಿ, ಇದು ನಮ್ಮ ಸೀಮೆಯವರಿಗೇ ಹೆಚ್ಚು. ನಾವು ಮುದ್ದೆ ಅಗಿಯಲ್ಲ, ಮುರಿದು ಸಾರಲ್ಲಿ ಹೊರಳಿಸಿ ನುಂಗ್ತೀವಿ. ಮೋಚಿ ಅಂತ ಅಂಟಕ್ಕಿಯನ್ನು ಬೇಯಿಸಿ ಕುಟ್ಟಿದ ಉಂಡೆ ನೋಡಿದರೆ ಕೈ ತಾನಾಗೇ ಮುದ್ದೆ ತಿನ್ನೋ ಹಾಗೆ ಹೋಗುತ್ತೆ. ಮುದ್ದೆ ಸಾರಿನ ಜೊತೆ ಜಾರುತ್ತೆ. ಮೋಚಿ ಜಾರಲ್ಲ, ಗಂಟಲಿಗೆ ಅಂಟಿ ಉಸಿರು ಕಟ್ಟಿಸುತ್ತೆ. ಜಪಾನಿನಲ್ಲೇ ಪ್ರತಿ ಹೊಸವರ್ಷಕ್ಕೆ ಮೋಚಿ ಸಿಕ್ಕಿಹಾಕಿಕೊಂಡು ವಯಸ್ಸಾದವರು ಸಾಯ್ತಾರೆ, ಅಗ್ನಿಶಾಮಕ ಇಲಾಖೆ ಎಚ್ಚರಿಕೆ ಕೊಡ್ತಾನೇ ಇರುತ್ತೆ. ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ ಕತ್ತರಿಸಿ, ಮೊದಲು ಒಂದು ಗುಟುಕು ಚಹಾ ಕುಡಿದು ಗಂಟಲು ಒದ್ದೆ ಮಾಡಿಕೊಂಡು, ಪೂರ್ತಿ ಅಗಿದು ನುಂಗಿ. ಬಾಯಲ್ಲಿ ಇರುವಾಗ ಮಾತು ಬೇಡ. ಅಜ್ಜ ಅಜ್ಜಿಯನ್ನು ಕರೆಸಿಕೊಂಡಿದ್ದರೆ ಅವರಿಗೆ ಕೊಡಲೇಬೇಡಿ.

ಶ್ರೀನಿವಾಸಪುರ ತೋತಾಪುರಿ
ಗೂಡು ಅವರ ಮಾತು ಕೀನ್ಯಾಕ್ಕೂ ಹೊಂದುತ್ತೆ. ಅಲ್ಲಿ ಉಗಾಲಿ, ಬಿಳಿ ಬಣ್ಣದ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಅದನ್ನು ಅಗಿದು ತಿಂತಾರೆ, ನುಂಗೋದಲ್ಲ. ಬೆರಳಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಲ್ಲಿ ಗುಳಿ ಒತ್ತಿ, ಆ ಗುಳಿಯಲ್ಲಿ ಪಲ್ಯ ಎತ್ತಿಕೊಳ್ತಾರೆ. ಉಪ್ಪು ಹಾಕಿರಲ್ಲ.

ಮಾಡೋ ಕ್ರಮವೂ ಬೇರೆ. ಮುದ್ದೆಗೆ ನಾವು ಕುದಿಯೋ ನೀರಿಗೆ ಹಿಟ್ಟನ್ನು ಗುಡ್ಡೆ ಹಾಕಿ, ಅಲ್ಲಾಡಿಸದೆ ಬೇಯಲು ಬಿಟ್ಟು, ಆಮೇಲೆ ಕೋಲು ಹಾಕಿ ತಿರುವುತ್ತೀವಿ. ಉಗಾಲಿಗೆ ಹಿಡಿ ಹಿಡಿಯಾಗಿ ಹಿಟ್ಟು ಹಾಕ್ತಾ, ಮೊದಲಿಂದಲೇ ಮ್ವಿಕೊ ಅನ್ನೋ ಚಪ್ಪಟೆ ಮರದ ಸೌಟಲ್ಲಿ ತಿರುವುತ್ತಾ, ಗಟ್ಟಿಯಾದ ಮೇಲೆ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಮಗುಚುತ್ತಾರೆ. ಗೋಡೆ ಬಿಟ್ಟು ಬಂದು, ಹುರಿದ ಜೋಳದ ವಾಸನೆ ಬಂದರೆ ಆಯ್ತು.

ರಾಗಿ ಬೇಕೇ? ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಹೊಲಕ್ಕೆ ಬಂದದ್ದು. ಕೀನ್ಯಾದಲ್ಲಿ ವಿಂಬಿ, ತಾಂಜಾನಿಯಾದಲ್ಲಿ ಉಲೇಜಿ, ಇಥಿಯೋಪಿಯಾದಲ್ಲಿ ದಗುಸ್ಸಾ ಅಂತ ಕೇಳಿ. ಉಗಾಂಡಾದಲ್ಲಿ ಕಾಲೊ ಅಂತ ರಾಗಿ ಮುದ್ದೆಯೇ ಇದೆ, ಮರಗೆಣಸಿನ ಹಿಟ್ಟು ಬೆರೆಸೋದ್ರಿಂದ ಜಿಗುಟು ಜಾಸ್ತಿ. ಕೀನ್ಯಾದಲ್ಲಿ "ಉಜಿ" ಹಿಟ್ಟು ಅಂತ ಗಂಜಿಗೆ ಮಾರೋ ಪೊಟ್ಟಣಗಳಲ್ಲಿ ರಾಗಿ ಜೊತೆ ಜೋಳ, ಮರಗೆಣಸು, ಸೋಯಾ, ಕೆಲವದರಲ್ಲಿ ಒಮೆನಾ ಅನ್ನೋ ಸಣ್ಣ ಒಣಮೀನಿನ ಪುಡಿಯೂ ಇರುತ್ತೆ. ಮುದ್ದೆ ನಿಲ್ಲಲ್ಲ, ಸಸ್ಯಾಹಾರಿಗಳಿಗೆ ಆಗೋದೂ ಇಲ್ಲ. ಬರೀ ವಿಂಬಿ ಇರೋದನ್ನೇ ಹುಡುಕಿ.

ಗೌರಿಬಿದನೂರು ಅಕ್ಕ
ಜಪಾನಿನಲ್ಲಿ ರಾಗಿ ಹಿಟ್ಟು ನೇಪಾಳಿ ಅಂಗಡಿಯಲ್ಲಿ ಹುಡುಕ್ರಪ್ಪ. ನೇಪಾಳದವರು ರಾಗಿಗೆ ಕೋದೋ ಅಂತಾರೆ, ಧಿಂಡೊ ಅಂತ ಮುದ್ದೆಯನ್ನೇ ಮಾಡ್ತಾರೆ. ಆದರೆ ಉತ್ತರ ಭಾರತದ ಪೊಟ್ಟಣದ ಮೇಲೆ ಕೋದೋ ಅಂತ ಇದ್ದರೆ ಅದು ರಾಗಿ ಅಲ್ಲ, ನಮ್ಮ ಹಾರಕ. ಬಣ್ಣ ನೋಡಿದರೆ ಗೊತ್ತಾಗುತ್ತೆ, ರಾಗಿ ಹಿಟ್ಟು ಕಂದು ಬೂದಿ, ಹಾರಕದ್ದು ಬೆಳ್ಳಗೆ.

ಅಲ್ಲಿಯ ಚಪ್ಪಟೆ ಕರೆಂಟ್ ಒಲೆ ಮೇಲೆ ಮುದ್ದೆ ತಿರುವೋಕೆ ಹೋಗಬೇಡಿ. ಪಾತ್ರೆ ಗಿರಗಿರ ತಿರುಗುತ್ತೆ, ಗಾಜಿನ ಮೇಲ್ಮೈ ಗೀರು ಬೀಳುತ್ತೆ. 1 ಲೋಟ ಹಿಟ್ಟಿಗೆ 2 ಲೋಟ ನೀರು, ಎರಡು ಚಮಚ ಹಿಟ್ಟನ್ನು ಮೊದಲೇ ತಣ್ಣೀರಲ್ಲಿ ಕಲಸಿ ಹಾಕಿ ಕುದಿಸಿ. ಉಳಿದ ಹಿಟ್ಟು ಗುಡ್ಡೆ ಹಾಕಿ, ಕೋಲಿಂದ ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ. ಆಮೇಲೆ ಪಾತ್ರೆ ಕೆಳಗಿಳಿಸಿ, ನೆಲದ ಮೇಲೆ ಒದ್ದೆ ಬಟ್ಟೆ ಮಡಿಸಿ ಹಾಕಿ ಅದರ ಮೇಲಿಟ್ಟು, ಇಕ್ಕಳದಲ್ಲಿ ಬಿಗಿ ಹಿಡಿದು ತಿರುವಿ. ಒದ್ದೆ ಬಟ್ಟೆ ಪಾತ್ರೆ ಜಾರಲು ಬಿಡಲ್ಲ. ಮತ್ತೆ ಒಲೆಗಿಟ್ಟು ಎರಡು ನಿಮಿಷ ಮುಚ್ಚಿ.

ಇನ್ನೊಂದು ಮಾತು. ಅಡಿಸ್ ಅಬಾಬಾ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ನೀರು ಅಲ್ಲಿ 92 ಡಿಗ್ರಿಗೇ ಕುದಿಯುತ್ತೆ, ನಮ್ಮಲ್ಲಿ 97ರ ಹತ್ತಿರ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗೋಕೆ ಊರಿಗಿಂತ ತುಂಬಾ ಹೊತ್ತು ಹಿಡಿಯುತ್ತೆ. ಬೇಳೆ ಕೆಟ್ಟದ್ದು ಅಂತ ಬಿಸಾಕಬೇಡಿ, ಊರಿಂದಲೇ ಮೂರು ಲೀಟರ್ ಕುಕ್ಕರ್ ಮತ್ತು ಒಂದು ಹೆಚ್ಚಿನ ಗ್ಯಾಸ್ಕೆಟ್ ಒಯ್ಯಿರಿ. ನೈರೋಬಿಯ ಮಹರಾಗ್ವೆ, ಅಂದರೆ ರಾಜ್ಮಾ ಜಾತಿಯ ಕಾಳು, ರಾತ್ರಿ ನೆನೆಸಿ, ನೀರು ಚೆಲ್ಲಿ, ಕುಕ್ಕರಿನಲ್ಲೇ ಬೇಯಿಸಿ. ಅರೆಬೆಂದ ರಾಜ್ಮಾದಲ್ಲಿ ಉಳಿಯೋ ಲೆಕ್ಟಿನ್ ಅನ್ನೋ ವಿಷದ ಅಂಶ ವಾಂತಿ ಭೇದಿ ತರಿಸುತ್ತೆ.

ಶ್ರೀನಿವಾಸಪುರ ತೋತಾಪುರಿ
ಅಕ್ಕ ಕಾಳಿನ ಮಾತೆತ್ತಿದರು, ಒಳ್ಳೇದಾಯ್ತು. ಕೀನ್ಯಾದ ಸಂತೆಯಲ್ಲಿ ಕಪ್ಪು ಬಣ್ಣದ, ಅಂಚಿಗೆ ಬಿಳಿ ಗೆರೆ ಇರೋ ಕಾಳು ಕಂಡರೆ ನಿಂತು ನೋಡಿ. ಅದು ನ್ಜಾಹಿ, ನಮ್ಮ ಅವರೆಯೇ. ಗಿಡ ಒಂದೇ, ತಳಿ ಬೇರೆ. ಕಿಕುಯು ಜನ ಬಾಣಂತಿಗೆ ಕೊಡೋ ಕಾಳು ಅದು. ರಾತ್ರಿ ನೆನೆಸಿ, ಮೊದಲ ಕುದಿಯ ನೀರು ಚೆಲ್ಲಲೇಬೇಕು, ಇಲ್ಲದಿದ್ದರೆ ಕಹಿ. ಸೊಗಡು ನಮ್ಮ ಡಿಸೆಂಬರ್ ಅವರೆಕಾಯಿಯಷ್ಟು ಇರಲ್ಲ, ಸಾರು ಮಾತ್ರ ಗಟ್ಟಿಯಾಗಿ, ಚೆನ್ನಾಗಿ ಬರುತ್ತೆ.

ಮಾಂಸ ಬೇಡದವರು ಹೋಟೆಲಲ್ಲಿ "ಸಿಲಿ ನ್ಯಾಮಾ ವಾಲಾ ಸಮಾಕಿ" (ಮಾಂಸವೂ ಮೀನೂ ತಿನ್ನಲ್ಲ) ಅನ್ನಿ. ಕೇಳಬೇಕಾದ್ದು: ಗಿಥೇರಿ (ಜೋಳ, ಕಾಳು ಬೇಯಿಸಿದ್ದು), ನ್ಡೆಂಗು (ಹೆಸರುಕಾಳು), ಚಪಾತಿ, ಸುಕುಮಾ ವಿಕಿ (ಸಣ್ಣಗೆ ಹೆಚ್ಚಿದ ಸೊಪ್ಪಿನ ಪಲ್ಯ). ಸುಕುಮಾಗೆ ಮಾಂಸದ ಮಸಾಲೆ ಬಿಲ್ಲೆ ಹಾಕಿದ್ದಾರಾ ಅಂತ ಒಮ್ಮೆ ಕೇಳಿ. ಮಾಂಸ ತಿನ್ನೋರಿಗೆ ನ್ಯಾಮಾ ಚೋಮಾ, ಕೆಂಡದ ಮಾಂಸ, ಕಿಲೋ ಲೆಕ್ಕದಲ್ಲಿ ಹೇಳೋದು. ಮ್ಬುಜಿ ಅಂದರೆ ಮೇಕೆ, ನ್ಗೊಂಬೆ ದನ, ನ್ಗುರುವೆ ಹಂದಿ.

ಮುಳಬಾಗಿಲು ದೋಸೆ
ಇಥಿಯೋಪಿಯಾದ ಇಂಜೆರಾ ನಮ್ಮವರಿಗೆ ಒಗ್ಗೋದಕ್ಕೆ ಎರಡು ಮೂರು ಊಟ ಬೇಕು, ಕಾರಣ ಹುಳಿ. ನಮ್ಮ ದೋಸೆ ಹಿಟ್ಟು ಒಂದು ರಾತ್ರಿ ಹುದುಗಿದರೆ ಅವರದ್ದು ಎರಡು ಮೂರು ದಿನ. ತೆಫ್ ಅನ್ನೋ ರಾಗಿಗಿಂತಲೂ ಸಣ್ಣ ಧಾನ್ಯದ ಹಿಟ್ಟಿಗೆ ಹಳೇ ಹಿಟ್ಟಿನ ಮೇಲೆ ನಿಂತ ಹಳದಿ ನೀರು, ಎರ್ಶೊ, ಹೆಪ್ಪಾಗಿ ಹಾಕ್ತಾರೆ. ಹುದುಗಿದ ಮೇಲೆ ಸ್ವಲ್ಪ ಹಿಟ್ಟು ತೆಗೆದು ನೀರಲ್ಲಿ ಗಂಜಿಯಾಗಿ ಕಾಯಿಸಿ, ಆರಿಸಿ, ವಾಪಸ್ ಬೆರೆಸ್ತಾರೆ. ಇದಕ್ಕೆ ಅಬ್ಸಿತ್ ಅಂತಾರೆ. ತೆಫ್‌ನಲ್ಲಿ ಗೋಧಿಯ ಅಂಟಿಲ್ಲ, ಈ ಗಂಜಿಯೇ ಹಿಟ್ಟನ್ನು ಹಿಡಿದಿಡೋದು. ಅದನ್ನು ಬಿಟ್ಟರೆ ಇಂಜೆರಾ ಒಣಗಿ ಪುಡಿಯಾಗುತ್ತೆ.

ಮಿತಾದ್ ಅನ್ನೋ ಅಗಲ ಹೆಂಚಿನ ಮೇಲೆ ಹೊರಗಿನಿಂದ ಒಳಕ್ಕೆ ಸುತ್ತು ಬರುವಂತೆ ಹಿಟ್ಟು ಸುರಿದು, ಸೌಟಾಡಿಸದೆ ನೋಡ್ತಾ ನಿಲ್ತಾರೆ. ಮೇಲೆಲ್ಲ ಪುಟ್ಟ ಪುಟ್ಟ ಕಣ್ಣು ತೆರೆದುಕೊಳ್ಳುತ್ತೆ, ಆಗ ಮುಚ್ಚಳ. ಮಗುಚೋದಿಲ್ಲ, ಎಣ್ಣೆ ಬಿಡೋದಿಲ್ಲ, ಹಬೆಯಲ್ಲೇ ಬೇಯೋದು. ನಮ್ಮ ಗರಿಗರಿ ದೋಸೆ ನಿರೀಕ್ಷೆ ಮಾಡಿದರೆ ನಿರಾಸೆ. ಹುಳಿ ಬಂದ ಮೆತ್ತನೆಯ ಸೆಟ್ ದೋಸೆ ಅಂದುಕೊಂಡು ಕೂತರೆ ಸರಿ. ಕಣ್ಣು ಸಾರು ಹೀರೋಕೆ ಇರೋದು, ಆದ್ದರಿಂದ ಅಡಿಯಲ್ಲಿ ನೆಂದ ಭಾಗವೇ ಹೆಚ್ಚು ರುಚಿ, ಬಿಡಬೇಡಿ. ಗೋಧಿ ಆಗದವರು ಕೇಳಿಕೊಂಡೇ ತಿನ್ನಿ, ಹೊರದೇಶದ ಇಥಿಯೋಪಿಯನ್ ಹೋಟೆಲುಗಳಲ್ಲಿ ಗೋಧಿ, ಬಾರ್ಲಿ ಬೆರೆಸೋದುಂಟು.

ಪಾವಗಡ ಬಯಲು
ಸಸ್ಯಾಹಾರಿಗಳಿಗೆ ಇಥಿಯೋಪಿಯಾದಷ್ಟು ಅನುಕೂಲ ಬೇರೆ ಕಡೆ ಕಮ್ಮಿ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಮುಟ್ಟಲ್ಲ. ಈಸ್ಟರ್ ಮುಂಚಿನ 55 ದಿನ ಪೂರ್ತಿ ಉಪವಾಸ. "ಯತ್ಸೋಮ್ ಬೆಯೈನೆತು" ಅಂತ ಕೇಳಿದರೆ ಒಂದೇ ಇಂಜೆರಾ ಮೇಲೆ ಮಸೂರ್ ಬೇಳೆ, ಕೋಸು, ಸೊಪ್ಪು, ಬೀಟ್‌ರೂಟ್, ಶಿರೊ ಎಲ್ಲ ಬರುತ್ತೆ. ಈಸ್ಟರ್ ಆದ ಮೇಲಿನ 50 ದಿನ ಮಾತ್ರ ಬುಧವಾರ ಶುಕ್ರವಾರದ ಉಪವಾಸ ಇರಲ್ಲ, ಆಗ ಈ ತಟ್ಟೆ ಸಿಗದೇ ಇರಬಹುದು. ಉಪವಾಸದಲ್ಲೂ ಮೀನು ತಿನ್ನೋರಿದ್ದಾರೆ, ಅದಕ್ಕೆ ಅಸಾ ಅಂತಾರೆ, ಬೇಡ ಅಂತ ಮೊದಲೇ ಹೇಳಿ.

ಶಿರೊ ಅಂದರೆ ಹುರಿದ ಕಡಲೆ ಅಥವಾ ಬಟಾಣಿ ಪುಡಿಯ ಗೊಜ್ಜು, ಪೂರಿಗೆ ಮಾಡೋ ಕಡ್ಲೆಹಿಟ್ಟಿನ ಸಾಗುವಿನ ಅಣ್ಣ. ಈರುಳ್ಳಿಯನ್ನು ಮೊದಲು ಎಣ್ಣೆ ಇಲ್ಲದೆ ಬಾಡಿಸಿ, ಆಮೇಲೆ ಎಣ್ಣೆ, ಬೆರ್ಬೆರೆ ಖಾರದ ಪುಡಿ, ನಂತರ 1 ಅಳತೆ ಪುಡಿಗೆ 3 ಅಳತೆ ನೀರು, ಗಂಟಾಗದ ಹಾಗೆ ಕದಡಿ ಕಾಲು ಗಂಟೆ ಸಣ್ಣ ಉರಿ. ಬಿಡಿ ಶಿರೊ ಪುಡಿ ಕೊಳ್ಳುವಾಗ ಕಡಲೆಯದ್ದೇ ಕೇಳಿ. ಗುವಾಯಾ, ಅಂದರೆ ಕೇಸರಿ ಬೇಳೆ ಬೆರೆತದ್ದನ್ನು ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ತಿಂದರೆ ಕಾಲಿನ ಶಕ್ತಿ ಹೋಗುತ್ತೆ.

ಮನೆಗೆ ಊಟಕ್ಕೆ ಕರೆದವರು ತಮ್ಮ ಕೈಯಿಂದಲೇ ನಿಮ್ಮ ಬಾಯಿಗೆ ತುತ್ತು ಇಡಬಹುದು. ಅದು ಗುರ್ಶಾ, ಪ್ರೀತಿಯ ಗುರುತು, ಬಾಯಿ ತಿರುಗಿಸಬೇಡಿ. ಏನು ತಿನ್ನಲ್ಲ ಅನ್ನೋದನ್ನು ಊಟಕ್ಕೆ ಕೂರೋ ಮುಂಚೆಯೇ ಹೇಳಿಬಿಡಿ. ಕಿತ್ಫೊ ಅನ್ನೋದು ಹಸಿ ದನದ ಕೊಚ್ಚು ಮಾಂಸ, ಲಾಡಿಹುಳುವಿನ ಭಯ ಇದ್ದೇ ಇದೆ. ಲೆಬ್ಲೆಬ್ ಅಂದರೆ ಅರೆಬೆಂದದ್ದು, ಅದೂ ಸಾಲದು.

ಕೋಲಾರ ಕ್ಲಾಕ್‌ಟವರ್
ಪೆಟ್ಟಿಗೆ ಕಟ್ಟೋರಿಗೆ ಒಂದು ಎಚ್ಚರಿಕೆ. ದುಬೈ ಅಥವಾ ಸಿಂಗಪುರದಲ್ಲಿ ಇಳಿಯೋದಾದರೆ ಗಸಗಸೆ ಒಂದು ಚಿಟಿಕೆಯೂ ಇರಬಾರದು, ಎರಡೂ ಕಡೆ ಮಾದಕ ವಸ್ತುವಿನ ಕಾನೂನಿನಡಿ ನಿಷೇಧ. ನಮ್ಮ ಮಟನ್ ಸಾರಿನ ಪುಡಿ, ಹಿತಕಿದ ಬೇಳೆ ಸಾರಿನ ಪುಡಿಗೆ ಮನೆಯಲ್ಲಿ ಗಸಗಸೆ ಹಾಕೋದು ಸಾಮಾನ್ಯ. ಕಟ್ಟೋ ಮುಂಚೆ ಅಮ್ಮನ್ನ ಕೇಳಿ. ಜಪಾನಿಗೆ ಹಸಿ ಕರಿಬೇವು, ಮಾವು, ಟೊಮೆಟೊ, ಬಿತ್ತನೆ ಬೀಜ, ಮಾಂಸ ಸೇರಿದ ಯಾವುದೂ ಬೇಡ, ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ಕೊಳ್ತಾರೆ.

ಗೌರಿಬಿದನೂರು ಅಕ್ಕ
ಹೊಟ್ಟೆ ಕೆಟ್ಟರೆ: 1 ಲೀಟರ್ ಕುದಿಸಿ ಆರಿಸಿದ ನೀರು, 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಅಳತೆ ಮೀರಬಾರದು. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಇದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಮಾಲೂರು ಹೆಂಚು
ತಿಪಟೂರು ಕೊಬ್ಬರಿ ಅವರೇ, ಬಸ್ಸಾರಿನಲ್ಲಿ ಕಟ್ಟು ಬಸಿದ ಮೇಲೆ ಸೊಪ್ಪು ಕಾಳಿನ ಪಲ್ಯ ಇರುತ್ತಲ್ಲ. ದಾಶಿ ಬಸಿದ ಕೊಂಬು ಏನು ಮಾಡೋದು, ಬಿಸಾಕೋದಾ?

ತಿಪಟೂರು ಕೊಬ್ಬರಿ
ಬಿಸಾಕಲ್ಲ. ಅವರೂ ಪಲ್ಯವೇ ಮಾಡ್ತಾರೆ, ತ್ಸುಕುದಾನಿ ಅಂತ. ಪಟ್ಟಿಯನ್ನು ಕೋಸಿನ ಹಾಗೆ ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರು, ಸೋಯಾ ಸಾಸ್ ಎರಡು ಚಮಚ, ಸಕ್ಕರೆ ಒಂದು ಚಮಚ ಹಾಕಿ ರಸ ಇಂಗುವವರೆಗೆ ಬೇಯಿಸಿ, ಹುರಿದ ಎಳ್ಳು ಉದುರಿಸಿ. ನೆಂದ ಶೀತಾಕೆಯನ್ನೂ ಜೊತೆಗೇ ಹೆಚ್ಚಿ ಹಾಕಬಹುದು. ಫ್ರಿಜ್ಜಿನಲ್ಲಿ ವಾರ ಇರುತ್ತೆ, ಬಿಸಿ ಅನ್ನಕ್ಕೆ ನಂಜಿಕೊಳ್ಳೋಕೆ ಚೆನ್ನ. ಥೈರಾಯ್ಡ್ ತೊಂದರೆ ಇದ್ದೋರು ಮಾತ್ರ ಡಾಕ್ಟರನ್ನ ಕೇಳದೆ ಕೊಂಬು ದಿನಾ ತಿನ್ನಬೇಡಿ, ಅದರಲ್ಲಿ ಅಯೋಡಿನ್ ತುಂಬಾ ಹೆಚ್ಚು.